ಒಂದು ಕಾರಿನ ಉದ್ದದಷ್ಟು ಅಂತರ

ಟಾಟಾ ಹ್ಯಾರಿಯರ್ ಇವಿ ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು 6.3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮಹೀಂದ್ರ ಬಿಇ 6ಗೆ 6.7 ಸೆಕೆಂಡ್ ಬೇಕು. ಇವು ಆಯಾ ಕಂಪನಿಗಳೇ ಹೇಳಿಕೊಂಡಿರುವ ಲೆಕ್ಕ. ಮೊದಲನೆಯದು ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಕ್ಯೂಡಬ್ಲ್ಯುಡಿ ಮಾದರಿಯದು, ಎರಡನೆಯದು 79 ಕಿಲೋವ್ಯಾಟ್ ಅವರ್ ಬ್ಯಾಟರಿಯದು. ನಡುವಿನ ಅಂತರ ಸೊನ್ನೆ ಪಾಯಿಂಟ್ ನಾಲ್ಕು ಸೆಕೆಂಡ್. ಅಷ್ಟಕ್ಕೇ ಎರಡೂ ಕಡೆಯ ಅಭಿಮಾನಿಗಳು ಮಾತು ಬಿಡುವ ಮಟ್ಟಕ್ಕೆ ಹೋಗಿದ್ದಾರೆ.

ಅಂತರ ನೆಲದ ಮೇಲೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕೋಣ. ಎರಡೂ ಒಂದೇ ಹದದಲ್ಲಿ ವೇಗ ಏರಿಸಿಕೊಂಡು ಹೋಗುತ್ತವೆ ಎಂದಿಟ್ಟುಕೊಂಡರೆ, ಹ್ಯಾರಿಯರ್ ನೂರು ಮುಟ್ಟುವ ಹೊತ್ತಿಗೆ ಸುಮಾರು 87 ಮೀಟರ್ ಓಡಿರುತ್ತದೆ, ಬಿಇ 6 ಸುಮಾರು 82. ಐದು ಮೀಟರ್ ಹಿಂದೆ, ಅಂದರೆ ಹೆಚ್ಚುಕಡಿಮೆ ಒಂದು ಕಾರಿನ ಉದ್ದ. ಸಿಗ್ನಲ್ಲಿನಲ್ಲಿ ಪಕ್ಕದವನು ಹಸಿರು ಬಂದದ್ದನ್ನು ಕಣ್ಣೆವೆ ಮುಚ್ಚಿ ತೆರೆಯುವಷ್ಟು ತಡವಾಗಿ ಗಮನಿಸಿದರೆ ಫಲಿತಾಂಶವೇ ತಿರುಗುಮುರುಗು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಷ್ಟೇ ಯಾಕೆ? ಹ್ಯಾರಿಯರ್‌ಗೆ ಮುಂದೆ 158 ಪಿಎಸ್‌ನ ಒಂದು ಮೋಟಾರು, ಹಿಂದೆ 238 ಪಿಎಸ್‌ನ ಇನ್ನೊಂದು. ಎರಡೂ ಸೇರಿ 504 ನ್ಯೂಟನ್ ಮೀಟರ್ ಟಾರ್ಕ್. ಬಿಇ 6ಗೆ ಇರುವುದು ಹಿಂಬದಿಯ ಒಂದೇ ಮೋಟಾರು, 286 ಪಿಎಸ್, 380 ನ್ಯೂಟನ್ ಮೀಟರ್. ಟಾರ್ಕ್‌ನಲ್ಲಿ ಮೂರನೇ ಒಂದರಷ್ಟು ಮೇಲುಗೈ ಇದ್ದೂ ಹ್ಯಾರಿಯರ್ ಸಮಯದಲ್ಲಿ ಉಳಿಸುವುದು ನೂರಕ್ಕೆ ಆರು ಮಾತ್ರ.

ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಈ ಟಾರ್ಕ್ ಅಂಕಿಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಡೀಸೆಲ್ ಹ್ಯಾರಿಯರನ್ನೇ ತೆಗೆದುಕೊಳ್ಳಿ. 2020ರಿಂದ ಅದರ ಎರಡು ಲೀಟರಿನ ಎಂಜಿನ್ನು 350 ನ್ಯೂಟನ್ ಮೀಟರ್ ಟಾರ್ಕ್, 170 ಪಿಎಸ್ ಪವರ್ ಕೊಡುತ್ತದೆ. ಬಿಇ 6ರ 380ಕ್ಕೂ ಈ 350ಕ್ಕೂ ಕಾಗದದ ಮೇಲೆ ಏನು ಮಹಾ ವ್ಯತ್ಯಾಸ? ಆದರೆ ಎರಡನ್ನೂ ಒಂದೇ ದಿನ ಓಡಿಸಿದವರಿಗೆ ಗೊತ್ತು, ಹೋಲಿಕೆಯ ಮಾತೇ ಇಲ್ಲ. ಡೀಸೆಲ್‌ನ ಆ 350 ಸಿಗುವುದು 1750ರಿಂದ 2500 ಆರ್‌ಪಿಎಂವರೆಗಿನ ಕಿರಿದಾದ ಪಟ್ಟಿಯಲ್ಲಿ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಆಕಳಿಸುತ್ತಿರುತ್ತದೆ. ಮೇಲೆ ಹೋದರೆ ಎಂಜಿನ್ ಗದ್ದಲ ಮಾಡುತ್ತದೆಯೇ ಹೊರತು ಎಳೆಯುವುದಿಲ್ಲ, ಗೇರ್ ಬದಲಾಗಲೇಬೇಕು. ಮೋಟಾರಿಗೆ ಈ ತಾಪತ್ರಯಗಳಿಲ್ಲ. ಮೊದಲ ಸುತ್ತಿನಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ, ಒಂದೇ ಗೇರಿನಲ್ಲಿ ಕೊನೆಯತನಕ ಓಡುತ್ತದೆ.

ಅಲ್ಲದೆ ಚಕ್ರಕ್ಕೆ ತಲುಪುವುದು ಮೋಟಾರಿನ ಟಾರ್ಕ್ ಅಲ್ಲ, ಗೇರು ಅದನ್ನು ಗುಣಿಸಿ ಕೊಟ್ಟದ್ದು. ಎಷ್ಟು ಪಟ್ಟು ಗುಣಿಸುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ವೇಗ ಐವತ್ತು ಅರವತ್ತು ದಾಟಿದ ಮೇಲಂತೂ ಲೆಕ್ಕಕ್ಕೆ ಬರುವುದು ಪವರ್ ಮತ್ತು ಗಾಡಿಯ ತೂಕ. ಮುಂದೊಂದು ಮೋಟಾರು ಕೂಡಿಸಿದರೆ ಶಕ್ತಿಯ ಜೊತೆ ತೂಕವೂ ಏರುತ್ತದೆ. ಎರಡು ಟನ್ ತೂಗುವ ಗಾಡಿಯನ್ನು ನೂರರ ವೇಗಕ್ಕೆ ತರಲು ಬೇಕಾದ ಚಲನಶಕ್ತಿ ಕಾಲು ಯೂನಿಟ್ ಕರೆಂಟಿಗಿಂತ ಕಡಿಮೆ. ಶಕ್ತಿ ಅಷ್ಟೇ, ಆದರೆ ಅದನ್ನು ಆರು ಸೆಕೆಂಡಿನಲ್ಲಿ ಸುರಿಯಬೇಕು; ಕಷ್ಟವಿರುವುದು ಅಲ್ಲಿ. ಬ್ಯಾಟರಿ ತಳ ಹಿಡಿದಾಗ ಇಷ್ಟು ಜೋರಾಗಿ ಸುರಿಯಲು ಅದು ಒಪ್ಪುವುದಿಲ್ಲ. ಪರೀಕ್ಷೆಗೆ ಗಾಡಿ ಒಯ್ಯುವವರು ಚಾರ್ಜ್ ಎಷ್ಟಿದೆ ಎಂದು ನೋಡದೆ ಸ್ಟಾಪ್‌ವಾಚ್ ಒತ್ತಬಾರದು.

ಇದೇ ಮಹೀಂದ್ರ 2010ರಲ್ಲಿ ಬೆಂಗಳೂರಿನ ರೇವಾ ಕಂಪನಿಯನ್ನು ತನ್ನದಾಗಿಸಿಕೊಂಡಿತ್ತು. 2001ರಲ್ಲಿ ಮಾರುಕಟ್ಟೆಗೆ ಬಂದ, ಬೊಮ್ಮಸಂದ್ರದಲ್ಲಿ ತಯಾರಾಗುತ್ತಿದ್ದ ಆ ಪುಟ್ಟ ಕಾರು ಸೀಸ-ಆಮ್ಲದ ಬ್ಯಾಟರಿಯಲ್ಲಿ ಓಡುತ್ತಿತ್ತು. ಸೊನ್ನೆಯಿಂದ ನೂರಕ್ಕೆ ಎಷ್ಟು ಎಂಬ ಪ್ರಶ್ನೆಯನ್ನು ಅದಕ್ಕೆ ಹಾಕುವಂತೆಯೇ ಇರಲಿಲ್ಲ, ನೂರು ಅದರ ಜಾತಕದಲ್ಲೇ ಇರಲಿಲ್ಲ. ಈಗ ಅದೇ ಮನೆಯ ಬಿಇ 6 ಗಂಟೆಗೆ 202 ಕಿ.ಮೀ. ಓಡಬಲ್ಲುದಂತೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ನೂರು, ಮೇಲೆ ಕ್ಯಾಮೆರಾ. ಉಳಿದ 102 ಯಾರಿಗೆ?

ಓಡಿಸುವಾಗಿನ ಅನುಭವದಲ್ಲಿ ಎರಡೂ ಬೇರೆಬೇರೆ ಜಾಯಮಾನದವು. ಒಣ ರಸ್ತೆಯಲ್ಲಿ ಬಿಇ 6ರ ಪೆಡಲ್ ಪೂರ್ತಿ ತುಳಿದರೆ ಹಿಂಭಾಗ ಕೊಂಚ ಕುಸಿದು ಕೂರುತ್ತದೆ, ಮೂತಿ ಮೇಲೇಳುತ್ತದೆ, ಬೆನ್ನಿಗೆ ಕೈಯಿಟ್ಟು ಯಾರೋ ನೂಕಿದಂತಾಗುತ್ತದೆ. ತೂಕ ಹಿಂದಕ್ಕೆ ಸರಿದಷ್ಟೂ ತಳ್ಳುವ ಚಕ್ರಕ್ಕೆ ಹಿಡಿತ ಹೆಚ್ಚು. ಮುಂದಿನ ಚಕ್ರಗಳಿಗೆ ತಿರುಗುವ ಕೆಲಸವೊಂದೇ ಇರುವುದರಿಂದ ಸ್ಟೀರಿಂಗ್ ಹಿಡಿದ ಕೈಗೆ ಯಾವ ಜಗ್ಗಾಟವೂ ತಿಳಿಯದು. ಇದು ನನಗೆ ಇಷ್ಟ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹ್ಯಾರಿಯರ್ ಹೀಗೆ ರಂಗೇರಿಸುವುದಿಲ್ಲ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ, ಸದ್ದಿಲ್ಲದೆ ಹೊರಟುಬಿಡುತ್ತದೆ. ಸ್ಪೀಡಾಮೀಟರ್ ನೋಡಿದ ಮೇಲೆಯೇ ಗಾಬರಿ.

ಆದರೆ ಜುಲೈ ತಿಂಗಳ ಮಳೆಯಲ್ಲಿ ಚಾರ್ಮಾಡಿ ಹತ್ತಿ ನೋಡಿ. ತಿರುವಿನಲ್ಲಿ ಪಾಚಿ, ಕೆಮ್ಮಣ್ಣು, ಉದುರಿದ ಎಲೆ. ಮುಂದೆ ಲಾರಿ, ಅದರ ಮುಂದೆ ಕೆಂಪು ಬಸ್ಸು. ದಾಟಲು ಸಿಗುವ ನೇರ ರಸ್ತೆ ನಾಲ್ಕು ಮಾರು. ಅಲ್ಲಿ ಬೇಕಾದದ್ದು ಸೊನ್ನೆಯಿಂದ ನೂರಲ್ಲ, ಮೂವತ್ತರಿಂದ ಅರವತ್ತೈದು. ಒದ್ದೆ ನೆಲದ ಹಿಡಿತ ಸೀಮಿತವಾದ್ದರಿಂದ ಹಿಂದಿನ ಎರಡೇ ಚಕ್ರ ತಳ್ಳುವ ಗಾಡಿಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗಿ, ಮೋಟಾರಿನ ಕತ್ತು ಹಿಸುಕುತ್ತದೆ. 286 ಪಿಎಸ್ ಇದ್ದೂ ಕೈಗೆ ಸಿಗದು. ನಾಲ್ಕು ಚಕ್ರಕ್ಕೂ ಪಾಲು ಹಂಚುವ ಹ್ಯಾರಿಯರ್ ಇಲ್ಲಿ ಗೆಲ್ಲುವುದು ಒಂದು ಕಾರಿನ ಉದ್ದದಲ್ಲಿ ಅಲ್ಲ, ಲಾರಿಯನ್ನು ದಾಟುವುದೋ ಬಿಡುವುದೋ ಎಂಬ ತೀರ್ಮಾನದಲ್ಲಿ. ಸಮತಟ್ಟಾದ ಒಣ ಟ್ರ್ಯಾಕಿನಲ್ಲಿ ಅಳೆದ 0.4 ಸೆಕೆಂಡ್ ಇದನ್ನು ಹೇಳುವುದೇ ಇಲ್ಲ.

ಹಿಂದೆ ಕೂತವರನ್ನೂ ಕೇಳಬೇಕಲ್ಲ. ವಿದ್ಯುತ್ ಎಸ್‌ಯುವಿಗಳಲ್ಲಿ ಎಂಜಿನ್ನಿನ ಸದ್ದೇರುವ ಮುನ್ಸೂಚನೆ ಇಲ್ಲದ್ದರಿಂದ ಅವರ ಕತ್ತು ಸಿದ್ಧವಾಗಿರುವುದಿಲ್ಲ. ರೇಸ್ ಮೋಡಿನಲ್ಲೋ ಬೂಸ್ಟ್ ಮೋಡಿನಲ್ಲೋ ಎರಡು ಸಲ ಪೆಡಲ್ ತುಳಿದರೆ ಸಾಕು, ಹಿಂದಿನ ಸೀಟಿನಿಂದ ‘ನಿಂಬೆಹಣ್ಣು ಇದೆಯಾ’ ಎಂಬ ದನಿ ಬರುತ್ತದೆ.

ಘಾಟಿ ಇಳಿಯುವವರಿಗೆ ಒಂದು ಮಾತು. ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬುತ್ತದೆ, ಸರಿ. ಆದರೆ ಕೊಟ್ಟಿಗೆಹಾರದ ಆಸುಪಾಸಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಕೆಳಗಿಳಿದರೆ ಆ ಕರೆಂಟು ಹೋಗಲು ಜಾಗವಿರದೆ, ಎಳೆದು ಹಿಡಿಯುವ ಆ ಬಲ ಸಿಗುವುದಿಲ್ಲ. ಎಂಬತ್ತಕ್ಕೆ ನಿಲ್ಲಿಸಿ ಹೊರಡುವುದು ಜಾಣತನ.

ಬಿಡುಗಡೆಯಾದಾಗಿನ ಎಕ್ಸ್ ಶೋರೂಂ ಬೆಲೆ ನೋಡಿದರೆ, ಬಿಇ 6ರ ಮೇಲ್ದರ್ಜೆಯ ಮಾದರಿಗೆ 26.90 ಲಕ್ಷ, ಹ್ಯಾರಿಯರ್ ಕ್ಯೂಡಬ್ಲ್ಯುಡಿಗೆ 28.99 ಲಕ್ಷ. ಮೂಡಿಗೆರೆಯಲ್ಲೋ ಮಡಿಕೇರಿಯಲ್ಲೋ ತೋಟವಿದ್ದವರು ಆ ಎರಡು ಲಕ್ಷ ಹೆಚ್ಚಿಗೆ ಕೊಡಲಿ. ವರ್ಷವಿಡೀ ಬೆಂಗಳೂರು–ಮೈಸೂರು ಓಡಾಡುವವರಿಗೆ ಮುಂದಿನ ಮೋಟಾರು ಹೊತ್ತು ತಿರುಗುವ ಭಾರ ಅಷ್ಟೇ. ಅವರು ಬಿಇ 6 ಕೊಂಡು, ರಸ್ತೆ ಖಾಲಿಯಿರುವ ಬೆಳಗಿನ ಜಾವ ಟೋಲ್ ದಾಟಿದೊಡನೆ ಒಮ್ಮೆ ಪೆಡಲ್ ಪೂರ್ತಿ ತುಳಿಯಲಿ. ನೂರಕ್ಕೆ ಕಾಲು ತೆಗೆಯಲಿ.