ಐದ್ ಎಚ್‌ಪಿ ಕಾರು

ಯುಗಾದಿಗೆ ಕಾರು ತಗೊಂಡು ಊರಿಗೆ ಹೋಗಿದ್ದೆ. ಮಾಗಡಿ ತಾಲ್ಲೂಕು, ಬೆಂಗಳೂರಿನ ಮನೆಯಿಂದ ಅರವತ್ತು ಕಿಲೋಮೀಟರ್. ಎಲೆಕ್ಟ್ರಿಕ್ ಕಾರು ಕೊಂಡು ಮೂರು ತಿಂಗಳಾಗಿತ್ತು, ಊರಲ್ಲಿ ಚಾರ್ಜಿಗೆ ಹಾಕಿದ್ದು ಅವತ್ತೇ ಮೊದಲು. ಮೇವು ಕತ್ತರಿಸೋ ಮಿಷನ್ನಿಗೆ ಅಂತ ಕೊಟ್ಟಿಗೆ ಗೋಡೆಯಲ್ಲಿ ಹದಿನೈದು ಆಂಪಿನ ಪ್ಲಗ್ ಹಾಕಿಸಿದ್ದಾರೆ. ಅದಕ್ಕೆ ಚುಚ್ಚಿದರೆ ಕಾರು ಒಪ್ಪಲಿಲ್ಲ, ಅರ್ಥಿಂಗ್ ಇಲ್ಲ ಅಂತ ಕೆಂಪು ದೀಪ ತೋರಿಸಿತು. ಜಗಲಿ ಮೇಲೆ ಕೂತು ನೋಡುತ್ತಿದ್ದ ಅಪ್ಪ ಕೇಳಿದರು:

“ಎಷ್ಟ್ ಎಚ್‌ಪಿದ್ಲಾ ಇದು?”

“ಓಡೋವಾಗ ನೂರರ ಹತ್ರ ಅಪ್ಪ. ಚಾರ್ಜಿಗೆ ಹಾಕ್ದಾಗ ಮೂರೂ ಕಾಲು ಕಿಲೋವ್ಯಾಟ್ ಎಳ್ಕೊಳ್ತದೆ.”

ಅಪ್ಪ ಮನಸ್ಸಲ್ಲೇ ಲೆಕ್ಕ ಹಾಕಿದರು. “ಅಂಗಾರೆ ಐದ್ ಎಚ್‌ಪಿ ಮೋಟ್ರು ಅನ್ನು. ರಾತ್ರಿಯೆಲ್ಲಾ ಓಡೋ ಮೋಟ್ರು.”

ಎಲೆಕ್ಟ್ರಿಕ್ ಕಾರಿನ ಬಗ್ಗೆ ನಾನು ಓದಿರೋದು ಕಮ್ಮಿಯೇನಲ್ಲ. ಆದರೆ ಇಷ್ಟು ಸರಿಯಾದ ಮಾತು ಎಲ್ಲೂ ಸಿಕ್ಕಿರಲಿಲ್ಲ.

ನಮ್ಮಲ್ಲಿ ಈ ವಿಷಯಕ್ಕೆ ಎರಡು ಗುಂಪು. ಒಂದು ಗುಂಪು ಚಾರ್ಜರ್ ಎಣಿಸುತ್ತೆ: ರಾಜ್ಯದಲ್ಲಿ ಎಷ್ಟಾಯ್ತು, ಮೈಸೂರು ರಸ್ತೆಯಲ್ಲಿ ಎಷ್ಟಾಯ್ತು. ಇನ್ನೊಂದು ಗುಂಪು, “ಬೇಸಿಗೇಲಿ ಫ್ಯಾನಿಗೇ ಕರೆಂಟಿಲ್ಲ, ಕಾರಿಗೆ ಎಲ್ಲಿಂದ ತರ್ತೀರಿ?” ಅಂತ ಕೈಯೆತ್ತಿಬಿಡುತ್ತೆ. ಇಬ್ಬರೂ ಎಣಿಸದೇ ಇರೋದು ಒಂದಿದೆ, ಊರಿನ ಟಿಸಿ. ಕಂಬದ ಮೇಲೆ ಕೂತಿರೋ ಆ ಟ್ರಾನ್ಸ್‌ಫಾರ್ಮರು.

ಕಾಗದದ ಮೇಲೆ ನಾವು ಹಿಂದೆ ಬಿದ್ದವರಲ್ಲ. 2001ರಲ್ಲಿ ರೇವಾ ಕಾರು ಬಂದಿದ್ದು ಬೆಂಗಳೂರಿಂದಲೇ, ಅದು ಚಾರ್ಜ್ ಆಗ್ತಿದ್ದಿದ್ದೂ ಮನೆಯ ಹದಿನೈದು ಆಂಪಿನ ಪ್ಲಗ್ಗಿನಲ್ಲೇ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. 31,000 ಕೋಟಿ ರೂಪಾಯಿ ಬಂಡವಾಳ, 55,000 ಉದ್ಯೋಗ ಅಂತ ಗುರಿ ಇಟ್ಟಿದ್ದರು. ಫ್ಯಾಕ್ಟರಿ ಬರಲಿ ಅನ್ನೋದು ಆ ನೀತಿಯ ಜೀವ. ತಪ್ಪಲ್ಲ. ಮರುವರ್ಷ ಕೇಂದ್ರದ ಇಂಧನ ಸಚಿವಾಲಯದ ಮಾರ್ಗಸೂಚಿ ಬಂತು: ನಗರಗಳಲ್ಲಿ ಮೂರು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಒಂದೊಂದು ಚೌಕಕ್ಕೂ ಒಂದು ಚಾರ್ಜಿಂಗ್ ಸ್ಟೇಷನ್, ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು. ಓದಿದಾಗ ನನಗೆ ಹೊಳೆದದ್ದು ಇಷ್ಟೇ: ನಮ್ಮೂರು ಆ ಚೌಕಕ್ಕೂ ಸಿಗಲ್ಲ, ಹೆದ್ದಾರಿಗೂ ಸಿಗಲ್ಲ.

ಹಾಗಂತ ನಮ್ಮ ತಾಲ್ಲೂಕುಗಳಿಗೂ ಹೆದ್ದಾರಿ ಚಾರ್ಜರ್ ಬೇಕೇಬೇಕು ಅಂತೇನಿಲ್ಲ. ಬೆಂಗಳೂರಿಂದ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಎಲ್ಲಾ ಐವತ್ತು ಅರವತ್ತು ಕಿಲೋಮೀಟರ್ ಆಸುಪಾಸು. ಮೂವತ್ತು ಯೂನಿಟ್ಟಿನ ಬ್ಯಾಟರಿ ಇರೋ ಸಾಧಾರಣ ಕಾರು ಹೋಗಿ ಬಂದರೂ ಚಾರ್ಜ್ ಉಳಿಸುತ್ತೆ. ಅವತ್ತು ಪ್ಲಗ್ಗು ಕೈಕೊಟ್ಟರೂ ನಾನು ವಾಪಸ್ ಬಂದೆನಲ್ಲ. ಹೆದ್ದಾರಿ ಚಾರ್ಜರ್ ಇರೋದು ಮೈಸೂರಿಗೆ, ಊಟಿಗೆ ಹೋಗೋರಿಗೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದಾಗಲೂ ಹಿಂಗೇ ಆಗಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಬೈಪಾಸ್ ಆದವು, ತಟ್ಟೆ ಇಡ್ಲಿಯವರನ್ನೂ ಬೊಂಬೆ ಅಂಗಡಿಯವರನ್ನೂ ಕೇಳಿ ನೋಡಿ. ಆಮೇಲೆ ಆಗಸ್ಟಿಂದ ಬೈಕು, ಆಟೊ, ಟ್ರ್ಯಾಕ್ಟರಿಗೂ ಅದರ ಮೇಲೆ ಪ್ರವೇಶ ಇಲ್ಲ ಅಂದರು. ಅಂದರೆ ಹಳ್ಳಿಯಲ್ಲಿ ನಿಜವಾಗಲೂ ಜಾಸ್ತಿ ಆಗ್ತಿರೋ ಎಲೆಕ್ಟ್ರಿಕ್ ಸ್ಕೂಟರಿಗೆ ಆ ರಸ್ತೆಯೂ ಇಲ್ಲ, ಅದರ ಚಾರ್ಜರೂ ಇಲ್ಲ.

ಈಗ ಅಪ್ಪನ ಲೆಕ್ಕಕ್ಕೆ ಬರೋಣ. ಬೋರ್‌ವೆಲ್ಲು ನಮ್ಮ ಕಡೆ ಹೆಂಗೆ ಬಂತು? ಒಬ್ಬ ಕೊರೆಸಿದ, ನೀರು ಬಿತ್ತು, ಪಕ್ಕದವನು ಕೊರೆಸಿದ. ಎರಡು ಮೋಟ್ರಿದ್ದ ಟಿಸಿ ಮೇಲೆ ಇಪ್ಪತ್ತು ಕೂತವು. ಯಾರೂ ಮೊದಲೇ ಎಣಿಸಿರಲಿಲ್ಲ. ಟಿಸಿ ಸುಟ್ಟಾಗ ಊರವರು ಚಂದಾ ಎತ್ತಿ ಟ್ರ್ಯಾಕ್ಟರಿನಲ್ಲಿ ಅದನ್ನ ಸಾಗಿಸಿದ್ದು, ಅಷ್ಟು ದಿನ ರೇಷ್ಮೆ ಹುಳಕ್ಕೆ ಸೊಪ್ಪು ಒಣಗಿದ್ದು ನನಗೆ ನೆನಪಿದೆ. ವೋಲ್ಟೇಜ್ ಬಿದ್ದು ಮೋಟ್ರು ಸುಟ್ಟರೆ ವೈಂಡಿಂಗ್ ಅಂಗಡಿಯವನಿಗೆ ಹಬ್ಬ. ಕಾರೂ ಹಂಗೇ ಬರೋದು. ಒಬ್ಬ ತಗೋತಾನೆ, ಪೆಟ್ರೋಲ್ ಉಳೀತು ಅಂತಾನೆ, ಪಕ್ಕದವನು ತಗೋತಾನೆ.

ಆಮೇಲೆ ನಿರಂತರ ಜ್ಯೋತಿ ಬಂದು ಮನೆ ಲೈನು, ಪಂಪ್‌ಸೆಟ್ ಲೈನು ಬೇರೆ ಆಯ್ತು. ಊರಿಗೆ ಅದು ದೊಡ್ಡ ಉಪಕಾರವೇ. ಆದರೆ ಮನೆ ಲೈನಿನ ಟಿಸಿ ಹಾಕಿದ್ದು ಬಲ್ಬು, ಟೀವಿ, ಮಿಕ್ಸಿ ಲೆಕ್ಕಕ್ಕೆ. ನಮ್ಮ ಬೀದಿಯದು 25 ಕೆವಿಎ. ಏಳು ಕಾರು ಒಟ್ಟಿಗೆ ಚುಚ್ಚಿದರೆ ಮುಗೀತು, ಆಮೇಲೆ ಯಾರ ಮನೇಲೂ ಒಂದು ಬಲ್ಬೂ ಹತ್ತಬಾರದು. ನಮ್ಮ ಬೀದಿಯಲ್ಲಿ ಏಳು ಕಾರು ಯಾವಾಗ ಬರುತ್ತೆ ಅಂತೀರಾ? ಯುಗಾದಿ ರಾತ್ರಿ. ಬೆಂಗಳೂರು ಸೇರಿದ ಮಕ್ಕಳೆಲ್ಲಾ ಅವತ್ತು ಸಂಜೆ ಬರ್ತಾರೆ, ಮಾರನೇ ದಿನ ಹೊಸತೊಡಕು ಬಾಡೂಟ ಮುಗಿಸಿ ಒಟ್ಟಿಗೇ ಹೊರಡ್ತಾರೆ. ಬಂದು ಹೋಗೋ ಈ ಲೋಡು ನಮ್ಮೂರಿನ ಯಾವ ಮೀಟರ್ ಅರ್ಜಿಯಲ್ಲೂ ಇಲ್ಲ.

ದುಡ್ಡಿನ ಲೆಕ್ಕವೂ ಒಂಚೂರು ವಿಚಿತ್ರ. ಗೃಹಜ್ಯೋತಿಯಲ್ಲಿ ಹಳ್ಳಿ ಮನೆಯ ಬಿಲ್ಲು ಸೊನ್ನೆ. ಅರವತ್ತು ಯೂನಿಟ್ ಸುಡೋ ಮನೆಯಲ್ಲಿ ಕಾರು ಇಟ್ಟುಕೊಂಡು ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡಿಸಿದರೆ ಇನ್ನೂರು ಯೂನಿಟ್ ಮೇಲೆ ಜಾಸ್ತಿ ಆಗುತ್ತೆ. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಅಂದರೂ ಸಾವಿರದ ಆರುನೂರು ಆದೀತು. ಅಷ್ಟೇ ದೂರಕ್ಕೆ ಪೆಟ್ರೋಲ್ ಆದರೆ ಹತ್ತು ಸಾವಿರ. ಲಾಭ ಕಣ್ಣಿಗೆ ಕಾಣುತ್ತೆ. ಆದರೂ ನಮ್ಮ ಮಾವ ಕೇಳಿದ್ದು, “ತ್ವಾಟದ ಪಂಪ್‌ಸೆಟ್ ಶೆಡ್ಡಿಂದ ಎಳ್ಕೊಂಡ್ರೆ ಪುಕ್ಕಟೆ ಅಲ್ವೇನೋ?” ಹತ್ತು ಎಚ್‌ಪಿವರೆಗೆ ರೈತರಿಗೆ ಉಚಿತ ಕರೆಂಟು ಇರೋ ರಾಜ್ಯದಲ್ಲಿ ಈ ಪ್ರಶ್ನೆ ಕೇಳೋ ಮಾವ ಒಬ್ಬರೇ ಅಲ್ಲ. ಅದೂ ಮತ್ತೆ ಯಾರೂ ಎಣಿಸದ ಲೋಡೇ.

(ಬೆಂಗಳೂರಲ್ಲಿ ಉಲ್ಟಾ ಕತೆ. ಅಲ್ಲಿ ಕರೆಂಟಿದೆ, ಜಾಗ ಇಲ್ಲ. ಮನೆಯ ಕನೆಕ್ಷನ್ನಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಅಂತ 2022ರ ಕೇಂದ್ರದ ಮಾರ್ಗಸೂಚಿ ಹೇಳಿದರೂ, ಬೇಸ್‌ಮೆಂಟಿಗೆ ಒಂದು ವೈರ್ ಎಳೆಸೋಕೆ ನನಗೆ ನಾಲ್ಕು ಮೀಟಿಂಗು ಬೇಕಾಯ್ತು.)

ಇದಕ್ಕೆ ರಾಕೆಟ್ ವಿಜ್ಞಾನ ಏನೂ ಬೇಡ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆ ಮಾಡಿದಾಗ ಮುನ್ನೂರರಷ್ಟು ಪಂಪ್‌ಸೆಟ್ಟಿಗೆ ಸೋಲಾರ್ ಹಾಕಿ, ಮಿಕ್ಕ ಕರೆಂಟನ್ನ ರೈತರೇ ಮಾರೋ ಏರ್ಪಾಡು ಮಾಡಿದರು. ಅಲ್ಲಿ ಒಂದೊಂದು ಮೋಟ್ರನ್ನೂ ಎಣಿಸಿಯೇ ಕೆಲಸಕ್ಕೆ ಇಳಿದದ್ದು. ಅದೇ ಎಣಿಕೆಯನ್ನ ಕಾರಿಗೂ ಮಾಡಿ ಅನ್ನೋದಷ್ಟೇ ನನ್ನ ತಕರಾರು. ಎಲೆಕ್ಟ್ರಿಕ್ ಗಾಡಿ ನೋಂದಣಿ ಆದಾಗ ಅದು ರಾತ್ರಿ ಯಾವ ಟಿಸಿ ಕೆಳಗೆ ನಿಲ್ಲುತ್ತೆ ಅಂತ ಒಂದು ಕಾಲಂ ಇರಲಿ. ಹಾಲಿನ ಡೇರಿ ಮುಂದೆ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಲಿ. ಬೆಳಗ್ಗೆ, ಸಂಜೆ ಊರೆಲ್ಲಾ ಬರೋ ಜಾಗ ಅದು. ಹಾಲು ತಂಪು ಮಾಡೋ ಮಿಷನ್ ಇರೋ ಕಡೆ ತ್ರೀಫೇಸೂ ಇರುತ್ತೆ. ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯ್ತು. ಟಿಸಿ ಹಳೇದೇ.

ಹೋದ ತಿಂಗಳು ಮತ್ತೆ ಊರಿಗೆ ಹೋದಾಗ ಅಪ್ಪ ಕೊಟ್ಟಿಗೆ ಹಿಂದೆ ಗುಂಡಿ ತೆಗೆಸಿ, ಉಪ್ಪು, ಇದ್ದಿಲು ತುಂಬಿಸಿ ಅರ್ಥಿಂಗ್ ಮಾಡಿಸಿದ್ದರು. ಏಳು ಗಂಟೆಗೆ ಚುಚ್ಚಿದೆ, ಕಾರು ಒಪ್ಪಿತು. ಐದು ನಿಮಿಷಕ್ಕೆ ಎದುರುಮನೆ ಅಕ್ಕ ಆಚೆ ಬಂದರು. “ಏನ್ ಹಾಕ್ದಪ್ಪಾ, ಲೈಟೆಲ್ಲಾ ಡಿಮ್ ಆಗೋಯ್ತು?” ತೆಗೆದೆ. ಕಾರಲ್ಲಿ ಟೈಮರ್ ಇದೆ, ರಾತ್ರಿ ಹನ್ನೊಂದಕ್ಕೆ ಇಟ್ಟೆ. ಅಕ್ಕನ ಮಗ ವೈಟ್‌ಫೀಲ್ಡಲ್ಲಿ ಕೆಲಸದಲ್ಲಿದ್ದಾನೆ, ಅವನೂ ಒಂದು ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದಾನಂತೆ. ಊಟಕ್ಕೆ ಕೂತಾಗ ಅಪ್ಪ ಕೇಳಿದರು:

“ಅವ್ನೂ ಹನ್ನೊಂದ್ಕೇ ಹಾಕ್ತಾನೇನ್ಲಾ?”