ಚೆಂಡಿನ ಒಡೆಯರು

ಕಾಲ್ಚೆಂಡಾಟದ ಸಂಘಗಳ ಹಣಕಾಸನ್ನು ಕುರಿತು ಸಾಹಿತ್ಯಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂದರ್ಭವನ್ನು ಹೇಳಿದರೆ ಸಮಾಧಾನವಾದೀತು. ರಾಗಿಗುಡ್ಡದ ನಮ್ಮ ಬೀದಿಯ ತರುಣರು ಕೆಲವು ವರ್ಷಗಳಿಂದ ಒಂದು ತಂಡವನ್ನು ನಡೆಸಿಕೊಂಡು ಬಂದಿರುವರು. ತಲೆಗೆ ಇಷ್ಟೆಂದು ವಂತಿಗೆ ಎತ್ತಿ ಚೆಂಡು ಕೊಳ್ಳುವರು. ಹೊರ ಊರಿಗೆ ಆಡಲು ಹೋಗುವಾಗ ಬಸ್ಸಿನ ಖರ್ಚನ್ನು ಹಂಚಿಕೊಳ್ಳುವರು. ಈಚೆಗೆ ಧನಿಕರಾದ ಮಹನೀಯರೊಬ್ಬರು ತಂಡದ ಸಕಲ ವೆಚ್ಚವನ್ನೂ ತಾವೇ ವಹಿಸುವುದಾಗಿ ಕಾಗದ ಬರೆದರು. ಅದಕ್ಕೆ ಪ್ರತಿಯಾಗಿ ತಂಡವು ಅವರ ವ್ಯಾಪಾರದ ಹೆಸರನ್ನು ಧರಿಸತಕ್ಕದ್ದು. ಅಂಗಿಯ ಬಣ್ಣ ಅವರು ಹೇಳಿದ್ದು. ಕಾರ್ಯದರ್ಶಿಯನ್ನು ಅವರೇ ನೇಮಿಸತಕ್ಕದ್ದು. ಒಪ್ಪಿಗೆಯ ಉತ್ತರವನ್ನು ಬರೆದು ತಂದ ತರುಣರು ಅದರ ಭಾಷೆಯನ್ನು ತಿದ್ದಿಕೊಡಬೇಕೆಂದು ನನ್ನನ್ನು ಕೇಳಿದರು. ಭಾಷೆಯನ್ನು ತಿದ್ದಲು ಕುಳಿತವನಿಗೆ ಅರ್ಥವೇ ತೊಡಕಾಗಿ ಕಂಡಿತು. ಆ ತೊಡಕು ನಮ್ಮ ಬೀದಿಯೊಂದರದೇ ಅಲ್ಲವಾದ್ದರಿಂದ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಧನಿಕರ ನೆರವಿಲ್ಲದೆ ಈ ಆಟ ಎಲ್ಲಿಯೂ ಬೆಳೆದುದಿಲ್ಲ. ಮೇಲಿನ ದರ್ಜೆಯ ಸಂಘಗಳಿಗೆ ದೂರದರ್ಶನದ ಪ್ರಸಾರದಿಂದ ಹಣ ಬರುವುದುಂಟು. ಕೆಳಗಿನ ದರ್ಜೆಯವಕ್ಕೆ ನೋಟಕರು ಕೊಡುವ ಕಾಸು, ಸದಸ್ಯರ ವಂತಿಗೆ, ಅಂಗಿಯ ಮೇಲಿನ ಜಾಹೀರಾತು, ಇಷ್ಟೇ ಆದಾಯ. ವೆಚ್ಚವಾದರೋ ಮೈದಾನದ ಬಾಡಿಗೆ, ಶಿಕ್ಷಕರ ವೇತನ, ಪ್ರಯಾಣ, ಗಾಯಾಳುಗಳ ಚಿಕಿತ್ಸೆ ಎಂದು ಬೆಳೆಯುತ್ತಲೇ ಹೋಗುವುದು. ನಮ್ಮ ನಾಡಿನಲ್ಲಿ ಈ ಕಂದರವನ್ನು ಬಹುಕಾಲ ಮುಚ್ಚಿದವು ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು. ಆಟಗಾರನಿಗೆ ಅಲ್ಲಿ ಉದ್ಯೋಗ ದೊರೆಯುತ್ತಿತ್ತು. ಕಾಲು ಸೋತ ಮೇಲೂ ಅನ್ನ ತಪ್ಪುತ್ತಿರಲಿಲ್ಲ. ಮೈಸೂರು ಸಂಸ್ಥಾನದ ತಂಡವು 1946–47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದುದೂ, ಅದಕ್ಕೂ ಹಿಂದೆ ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ತಂದುದೂ ಹಿರಿಯರ ಬಾಯಲ್ಲಿ ಉಳಿದಿರುವ ಕಥೆಗಳು. 1968–69ರ ಬಳಿಕ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚಿಯಲ್ಲಿ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಸಂತೋಷ್ ಟ್ರೋಫಿಯನ್ನು ಪಡೆಯಿತು. ಇಂತಹ ಆಟಕ್ಕೆ ಪೋಷಕರು ಬೇಡವೆನ್ನುವುದು ಅವಿವೇಕ. ಪೋಷಕರು ಬೇಕು, ಅದರಲ್ಲಿ ವಿವಾದವಿಲ್ಲ. ಪೋಷಕನೂ ಒಡೆಯನೂ ಒಬ್ಬನೇ ಆಗಬಹುದೆ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಸ್ಕಾಟ್ಲೆಂಡಿನ ಗಡಿಯ ಒಂದು ಹಳ್ಳಿ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಗ್ರೆಟ್ನಾ ಎಂಬುದು ಸುಮಾರು ಮೂರು ಸಾವಿರ ಜನರ ಊರು. ಅಲ್ಲಿನ ಸಂಘವು 2002ರಲ್ಲಿ ಸ್ಕಾಟಿಷ್ ಲೀಗಿಗೆ ಸೇರಿತು. ಬ್ರೂಕ್ಸ್ ಮೈಲ್ಸನ್ ಎಂಬ ಧನಿಕರು ಅದನ್ನು ತಮ್ಮ ಹಣದಿಂದ ಎತ್ತಿ ಹಿಡಿದರು. 2005, 2006, 2007 ಹೀಗೆ ಸಾಲಾಗಿ ಮೂರು ವರ್ಷ ಅದು ದರ್ಜೆಯಿಂದ ದರ್ಜೆಗೆ ಏರಿತು. 2006ರಲ್ಲಿ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯವನ್ನೂ ಮುಟ್ಟಿತು. ಅತ್ಯುನ್ನತ ದರ್ಜೆಗೆ ಬಂದಾಗ ಹಳ್ಳಿಯ ಮೈದಾನವು ಆ ದರ್ಜೆಗೆ ಸಾಲದೆ, ತಮ್ಮ ಊರಿನ ಆಟವನ್ನು ಅವರು ದೂರದ ಮದರ್‌ವೆಲ್‌ನಲ್ಲಿ ಆಡಬೇಕಾಯಿತು. 2008ರ ಆರಂಭದಲ್ಲಿ ಮೈಲ್ಸನ್‌ರಿಗೆ ಆರೋಗ್ಯ ಕೆಟ್ಟಿತು, ಹಣ ನಿಂತಿತು, ಅದೇ ವರ್ಷ ಸಂಘವೇ ಅಳಿಯಿತು. ಈ ಕಥೆಯಲ್ಲಿ ದುಷ್ಟನೆಂಬುವನಿಲ್ಲ. ಆತ ಉದಾರಿ, ಊರು ಕೃತಜ್ಞ. ಆದರೂ ಸಂಘ ಸತ್ತಿತು. ಆಶ್ರಯವು ನಾಶವಾದರೆ ಆಶ್ರಿತವೂ ನಾಶವಾಗುವುದೆಂಬ ತರ್ಕದ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆ ಊರಿನ ಅಭಿಮಾನಿಗಳು ಅದೇ ವರ್ಷ ಹೊಸ ಸಂಘವೊಂದನ್ನು ತಾವೇ ಕಟ್ಟಿ, ಕೆಳಗಿನ ದರ್ಜೆಯಿಂದ ಆಡಲು ತೊಡಗಿದರೆಂಬುದನ್ನೂ ಇಲ್ಲಿ ನೆನೆಯಬೇಕು.

ದೂರದ ಮಾತು ಸಾಕು. ನಮ್ಮ ದೇಶಕ್ಕೆ ಬರೋಣ. ಪಂಜಾಬಿನ ಫಗ್ವಾಡಾದಲ್ಲಿ ಜೆ.ಸಿ.ಟಿ. ಗಿರಣಿಯ ತಂಡವು 1996–97ರ ಮೊದಲನೆಯ ರಾಷ್ಟ್ರೀಯ ಲೀಗನ್ನು ಗೆದ್ದಿತು. 2011ರಲ್ಲಿ ಗಿರಣಿಯವರು ತಂಡವನ್ನು ವಿಸರ್ಜಿಸಿದರು. ಮುಂಬಯಿಯ ಮಹೀಂದ್ರಾ ಯುನೈಟೆಡ್ 2005–06ರಲ್ಲಿ ಅದೇ ಪದವಿಯನ್ನು ಪಡೆದು 2010ರಲ್ಲಿ ಮುಚ್ಚಿಹೋಯಿತು. ಎಚ್.ಎ.ಎಲ್. ತಂಡವು 2010–11ರಲ್ಲಿ ಐ-ಲೀಗಿಗೆ ಏರಿ, ಮರುವರ್ಷವೇ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. ಬೆಂಗಳೂರಿನಲ್ಲಿ 2015ರಲ್ಲಿ ಕಟ್ಟಡ ವ್ಯವಹಾರದ ಸಂಸ್ಥೆಯೊಂದು ಓಜೋನ್ ಎಂಬ ತಂಡವನ್ನು ಕಟ್ಟಿತು. ಅದು ಐ-ಲೀಗಿನ ಎರಡನೆಯ ದರ್ಜೆಯಲ್ಲಿ ಆಡಿತು. ಕೆಲವೇ ವರ್ಷಗಳಲ್ಲಿ ಅದರ ಹೆಸರು ಆ ಪಟ್ಟಿಯಿಂದ ಮರೆಯಾಯಿತು. ಮೇಲಿನ ದರ್ಜೆಯವರಿಗಾದರೂ ಈ ಭಯ ಇಲ್ಲವೆನ್ನುವಂತಿಲ್ಲ. ಉಕ್ಕಿನ ದೊಡ್ಡ ಸಂಸ್ಥೆಯಾದ ಜೆ.ಎಸ್.ಡಬ್ಲ್ಯು. 2013ರಲ್ಲಿ ಸ್ಥಾಪಿಸಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷವೇ ಐ-ಲೀಗನ್ನು ಗೆದ್ದಿತು. ಅಂತಹ ಸಂಘವೂ 2025ರ ಆಗಸ್ಟಿನಲ್ಲಿ, ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನಿಶ್ಚಿತವಾದಾಗ, ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಬೇಕಾಯಿತು.

ಇಲ್ಲಿ ಹಣದ ನಡೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯ. ಒಡೆಯನು ಸಂಘಕ್ಕೆ ಸುರಿಯುವ ಹಣವೆಲ್ಲ ದಾನವೆಂದು ಜನ ಬಗೆಯುವರು. ಅನೇಕ ವೇಳೆ ಲೆಕ್ಕದ ಪುಸ್ತಕದಲ್ಲಿ ಅದು ಸಾಲವೆಂದು ಬರೆಯಲ್ಪಟ್ಟಿರುತ್ತದೆ. ಆತನಿಗೆ ಮನಸ್ಸು ತಿರುಗಿದ ದಿನ ಸಂಘವು ಋಣಿಯಾಗಿ ನಿಲ್ಲುತ್ತದೆ. ಎರಡನೆಯದು, ಒಬ್ಬನು ಆಟಗಾರರಿಗೆ ಹೆಚ್ಚು ವೇತನ ಕೊಡತೊಡಗಿದರೆ ನೆರೆಯ ಸಂಘಗಳೂ ತಮ್ಮ ಶಕ್ತಿಯನ್ನು ಮೀರಿ ಕೊಡಬೇಕಾಗುತ್ತದೆ. ಹೀಗೆ ಒಬ್ಬನ ಔದಾರ್ಯವು ಹತ್ತು ಮಂದಿಯ ದಾರಿದ್ರ್ಯಕ್ಕೆ ಕಾರಣವಾಗುತ್ತದೆ. ಮೂರನೆಯದು, ಸಂಘದ ಮೈದಾನವು ಒಂದು ಹೆಸರಿಗೂ ಸಂಘವು ಮತ್ತೊಂದು ಹೆಸರಿಗೂ ಆದಾಗ, ನಿವೇಶನದ ಬೆಲೆಯ ಮುಂದೆ ಆಟದ ಬೆಲೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ಬರಿ ಎಂಬ ಊರಿನ ಸಂಘ 1885ರಲ್ಲಿ ಹುಟ್ಟಿದ್ದು. 1900 ಮತ್ತು 1903ರಲ್ಲಿ ಎಫ್.ಎ. ಕಪ್ಪನ್ನು ಗೆದ್ದದ್ದು. 2018ರ ಡಿಸೆಂಬರಿನಲ್ಲಿ ಅದು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಮರುವರ್ಷದ ವಸಂತದಲ್ಲಿ ತಂಡವು ಮೇಲಿನ ದರ್ಜೆಗೆ ಏರಿತಾದರೂ ಆಟಗಾರರಿಗೆ ವೇತನ ಸಂದಿರಲಿಲ್ಲ. 2019ರ ಆಗಸ್ಟಿನಲ್ಲಿ ಲೀಗು ಅದನ್ನು ಹೊರಗೆ ಹಾಕಿತು. ನೂರಮೂವತ್ತನಾಲ್ಕು ವರ್ಷದ ಸಂಘಕ್ಕೆ ಮೈದಾನದಲ್ಲಿ ಗೆದ್ದುದು ನೆರವಾಗಲಿಲ್ಲ. ಲೆಕ್ಕದಲ್ಲಿ ಸೋತುದೇ ನಿರ್ಣಾಯಕವಾಯಿತು.

ನಮ್ಮ ಹಿರಿಯರು ಯೋಗಕ್ಷೇಮ ಎಂಬ ಜೋಡಿ ಮಾತನ್ನು ಬಳಕೆಗೆ ತಂದರು. ಈಗ ಅದನ್ನು ಕಾಗದದ ಒಕ್ಕಣೆಯಲ್ಲಿ ಕುಶಲವೆಂಬ ಅರ್ಥಕ್ಕೆ ಬರೆಯುತ್ತೇವೆ. ಶಾಸ್ತ್ರಕಾರರ ಅಭಿಪ್ರಾಯ ಇನ್ನೂ ಸೂಕ್ಷ್ಮವಾದುದು: ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ಧನಿಕನ ಹಣದಿಂದ ಸಂಘಕ್ಕೆ ಯೋಗ ಒದಗುವುದು ನಿಜ. ಒಳ್ಳೆಯ ಆಟಗಾರರು ಬರುವರು, ದರ್ಜೆ ಏರುವುದು. ಕ್ಷೇಮವು ಮಾತ್ರ ಒಬ್ಬನ ಹಣದಿಂದ ಒದಗುವುದಿಲ್ಲ. ಏಕೆಂದರೆ ಒಬ್ಬನಿಗೆ ಆಯುಸ್ಸು ಒಂದೇ, ಮನಸ್ಸು ಒಂದೇ, ವ್ಯಾಪಾರವೂ ಬಹುಶಃ ಒಂದೇ.

ಈ ಭೇದವನ್ನು ಅರಿತು ನಡೆದ ದಾನಿಗಳ ಸಾಕ್ಷ್ಯವು ನಮ್ಮ ಜಿಲ್ಲೆಯ ಕಲ್ಲುಗಳ ಮೇಲೆಯೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. 1162ರ ಶಾಸನವು ಅದನ್ನು ವೇದ ವ್ಯಾಕರಣ ದರ್ಶನಗಳ ಪಾಠವೂ, ದೀನರಿಗೂ ಕುರುಡರಿಗೂ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವೆಂದು ವರ್ಣಿಸುತ್ತದೆ. ಅಂದಿನ ದಾನಿಗಳು ವರ್ಷವರ್ಷವೂ ತಮ್ಮ ಇಷ್ಟದಂತೆ ಹಣ ಕಳುಹುವ ಪದ್ಧತಿಯನ್ನು ಇಟ್ಟುಕೊಳ್ಳಲಿಲ್ಲ. ಭೂಮಿಯನ್ನೋ ಗ್ರಾಮವನ್ನೋ ಬಿಟ್ಟರು. ಅದರ ಉತ್ಪತ್ತಿಯಲ್ಲಿ ಪೂಜೆಗಿಷ್ಟು, ವಿದ್ಯಾದಾನಕ್ಕಿಷ್ಟು ಎಂದು ನಿಯಮಿಸಿದರು. ಖಂಡಸ್ಫುಟಿತ ಜೀರ್ಣೋದ್ಧಾರವೆಂದು ಶಾಸನಗಳಲ್ಲಿ ಪದೇಪದೇ ಬರುವ ಮಾತು, ಒಡೆದುದನ್ನೂ ಬಿರಿದುದನ್ನೂ ದುರಸ್ತು ಮಾಡಿಸುವ ವೆಚ್ಚ. ಕಟ್ಟುವ ದಿನವೇ ಒಡೆಯುವ ದಿನವನ್ನು ಯೋಚಿಸಿದವರು ಅವರು. ದಾನಿಯು ಕೊಟ್ಟನು, ಕಲ್ಲಿನಲ್ಲಿ ಹೆಸರು ಬರೆಸಿದನು, ಹಿಂದೆ ಸರಿದನು. ಹೆಸರಿನ ಆಸೆ ಅವನಿಗೂ ಇತ್ತು, ಅದು ದೋಷವಲ್ಲ. ಕೊಟ್ಟುದರ ಮೇಲೆ ಹಿಡಿತವನ್ನು ಉಳಿಸಿಕೊಳ್ಳದಿರುವುದೇ ದಾನದ ಲಕ್ಷಣ. ಇಂದಿನ ಒಡೆಯನಾದರೋ ಕೊಡುತ್ತಲೇ ಇರುತ್ತಾನೆ, ಆದ್ದರಿಂದ ಹಿಡಿದೇ ಇರುತ್ತಾನೆ.

ಒಂದೇ ಆಶ್ರಯವನ್ನು ನಂಬಿದ ಊರಿನ ಪಾಡು ಏನೆಂಬುದನ್ನು ತಿಳಿಯಲು ನಾವು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ, ಭದ್ರಾವತಿ ಪಕ್ಕದಲ್ಲಿದೆ. 1918ರಲ್ಲಿ ಕೆಲಸ ತೊಡಗಿ 1923ರಲ್ಲಿ ಪ್ರಾರಂಭವಾದ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಆ ಊರಿಗೆ ಉದ್ಯೋಗವನ್ನೂ ವಸತಿಯನ್ನೂ ಶಾಲೆಯನ್ನೂ ಕೊಟ್ಟವು. ಕಾಗದದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದ ನಡುವಿನಲ್ಲಿ ನಿಂತವು. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಪ್ರತಿಭಟಿಸಿದುದನ್ನು ನಾವೆಲ್ಲ ಬಲ್ಲೆವು. ಕಾರ್ಖಾನೆಯ ಊರಿನಲ್ಲಿ ಚಿಮಣಿಯ ಹೊಗೆ ತೆಳುವಾದಾಗ ಅಂಗಡಿಯೂ ಶಾಲೆಯೂ ಆಟದ ಬಯಲೂ ಒಟ್ಟಿಗೆ ಬರಿದಾಗುತ್ತವೆ. ಆ ಕಾರ್ಖಾನೆಗಳನ್ನು ಕಟ್ಟಿದವರ ಪುಣ್ಯ ಇದರಿಂದ ಕಡಮೆಯಾಗುವುದಿಲ್ಲ. ಯೋಗವನ್ನು ಕೊಟ್ಟವರು ಅವರು. ಕ್ಷೇಮವನ್ನು ನೋಡಿಕೊಳ್ಳಬೇಕಾದವರು ಯಾರೆಂಬುದು ಮಾತ್ರ ನಿರ್ಣಯವಾಗದೆ ಉಳಿಯಿತು.

ಹಾಗಾದರೆ ಸಂಘವು ಸದಸ್ಯರದೇ ಆಗಿಬಿಟ್ಟರೆ ಸರ್ವವೂ ಸರಿಹೋಗುವುದೆ? ಹಾಗೆಂದು ಪ್ರತಿಜ್ಞೆ ಮಾಡಲಾರೆ. ವೇಲ್ಸ್ ದೇಶದ ರೆಕ್ಸಂ ಸಂಘವನ್ನು ಅಭಿಮಾನಿಗಳು 2011ರಲ್ಲಿ ತಮ್ಮ ಕೈಗೆ ತೆಗೆದುಕೊಂಡು ಉಳಿಸಿದರು. 2020ರಲ್ಲಿ ಇಬ್ಬರು ನಟರು ಅದನ್ನು ಕೊಳ್ಳಲು ಬಂದಾಗ, ಮತ ಹಾಕಿದ ಸದಸ್ಯರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮಿಕ್ಕವರು ಕೊಡುವುದಕ್ಕೆ ಒಪ್ಪಿದರು. 2021ರಲ್ಲಿ ಒಡೆತನ ಬದಲಾಯಿತು. 2023, 2024, 2025ರಲ್ಲಿ ಸಾಲಾಗಿ ಮೂರು ದರ್ಜೆ ಏರಿತು. ಆ ಸದಸ್ಯರು ಮೂಢರೆನ್ನಲಾಗದು. ವಂತಿಗೆಯಿಂದ ಜೀವ ಉಳಿಯುವುದು, ಏಳಿಗೆ ಕಷ್ಟವೆಂಬುದನ್ನು ಅವರು ಅನುಭವದಿಂದ ಬಲ್ಲರು. ಆದರೆ ಗ್ರೆಟ್ನಾದವರೂ ಮೂರು ಸಲ ಸಾಲಾಗಿ ಏರಿದ್ದರೆಂಬುದನ್ನು ಮರೆಯಲಾಗದು. ರೆಕ್ಸಮಿನ ಪರೀಕ್ಷೆ ಇನ್ನೂ ಮುಗಿದಿಲ್ಲ. ಒಡೆಯರು ಹಿಂದೆ ಸರಿದ ದಿನ ಏನು ಉಳಿಯುವುದೆಂಬುದೇ ಆ ಪರೀಕ್ಷೆ.

ಮಧ್ಯಮ ಮಾರ್ಗವೂ ಇಲ್ಲದಿಲ್ಲ. ಜರ್ಮನಿಯಲ್ಲಿ 1998ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಸಂಘದಲ್ಲಿಯೇ ಇರತಕ್ಕದ್ದೆಂಬ ನಿಯಮವಿದೆ. ಧನಿಕನು ಹಣ ಹೂಡಬಹುದು, ಕೊನೆಯ ಮಾತು ಅವನದಲ್ಲ. ಇಂಗ್ಲೆಂಡಿನಲ್ಲಿ ಬರಿಯಂತಹ ಅನಾಹುತಗಳನ್ನು ಕಂಡ ಮೇಲೆ, ಒಡೆಯರ ಯೋಗ್ಯತೆಯನ್ನೂ ಸಂಘಗಳ ಲೆಕ್ಕವನ್ನೂ ಪರೀಕ್ಷಿಸುವ ಸ್ವತಂತ್ರ ನಿಯಂತ್ರಕರಿಗೆ 2025ರ ಜುಲೈಯಲ್ಲಿ ಕಾನೂನಿನ ಬಲ ದೊರೆಯಿತು.

ಇಷ್ಟನ್ನೂ ತರುಣರಿಗೆ ಹೇಳಿ, ಮಹನೀಯರಿಗೆ ಬರೆಯತಕ್ಕ ಉತ್ತರವನ್ನು ಹೊಸದಾಗಿ ರಚಿಸಿದೆವು. ಅದರಲ್ಲಿ ನಾಲ್ಕು ಮಾತುಗಳಿವೆ. ತಂಡವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಸಂಘವಾಗಿ ನೋಂದಾಯಿತವಾಗುವುದು. ಹೆಸರು, ಬಣ್ಣ, ಸಾಮಗ್ರಿ ಸಂಘದವು. ಮಹನೀಯರ ಹೆಸರನ್ನು ಅಂಗಿಯ ಮೇಲೆ ಸಂತೋಷದಿಂದ ಧರಿಸುವೆವು. ಕೊಡುವ ಹಣ ದಾನವೆಂದು ಬರವಣಿಗೆಯಲ್ಲಿರಬೇಕು, ಸಾಲವೆಂದಲ್ಲ. ಅದರಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿಟ್ಟು ಬಡ್ಡಿಯನ್ನು ಮಾತ್ರ ಖರ್ಚು ಮಾಡತಕ್ಕದ್ದು. ಬಳ್ಳಿಗಾವೆಯವರು ಭೂಮಿ ಬಿಟ್ಟ ಹಾಗೆ. ಕೊನೆಯದು, ವಂತಿಗೆಯನ್ನು ಎಂದಿಗೂ ನಿಲ್ಲಿಸತಕ್ಕದ್ದಲ್ಲ.

ಈ ಕೊನೆಯ ಮಾತಿಗೆ ತರುಣರಲ್ಲಿಯೇ ಆಕ್ಷೇಪ ಬಂದಿತು. ಎಲ್ಲವನ್ನೂ ಕೊಡುವವರಿರುವಾಗ ನಾವೇಕೆ ಕೊಡಬೇಕು ಎಂದು ಒಬ್ಬನು ಕೇಳಿದನು. ವಂತಿಗೆಯ ಮೊತ್ತದಿಂದ ಆಗುವ ಪ್ರಯೋಜನ ಅಲ್ಪವೆಂಬುದು ನಿಜ. ಆದರೆ ಕೊಟ್ಟವನು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಕೊಡದವನು ಕೇಳಲು ಸಂಕೋಚಪಡುವನು. ಕೇಳುವವರಿಲ್ಲದ ಲೆಕ್ಕ ಎಂತಹ ಸಜ್ಜನನ ಕೈಯಲ್ಲಿಯೂ ಕೆಡುತ್ತದೆ. ಈ ಪತ್ರಿಕೆಯನ್ನು ನಡೆಸುವ ಸಂಘದ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಹನೀಯರ ಉತ್ತರ ಇನ್ನೂ ಬಂದಿಲ್ಲ. ಅವರು ಒಪ್ಪಿದರೆ ನಮ್ಮ ಬೀದಿಗೆ ಒಬ್ಬ ಪೋಷಕರು ದೊರೆತಂತಾಯಿತು. ಒಪ್ಪದಿದ್ದರೆ ತಂಡವು ಈಗ ಇರುವ ದರ್ಜೆಯಲ್ಲಿಯೇ ಇನ್ನು ಕೆಲವು ವರ್ಷ ಇರುವುದು. ಬಸ್ಸಿನ ಖರ್ಚನ್ನು ಹಂಚಿಕೊಂಡೇ ಭದ್ರಾವತಿಗೆ ಆಡಲು ಹೋಗುವುದು. ಅದು ನಷ್ಟವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತಂಡವೇ ಇಲ್ಲವಾಗುವುದಕ್ಕಿಂತ ಅದು ಚಿಕ್ಕ ನಷ್ಟವೆಂದು ಮಾತ್ರ ಹೇಳಬಲ್ಲೆ.