ಮಜ್ಜೆಯ ಮಿತಿ ಮತ್ತು ಅಧಿಕ ಪ್ರಮಾಣದ ಕಿಮೋಥೆರಪಿ

ಕಿಮೋಥೆರಪಿಯ ಹಳೆಯ ಔಷಧಿಗಳಲ್ಲಿ ಹೆಚ್ಚಿನವು ಬೇಗಬೇಗ ವಿಭಜನೆಗೊಳ್ಳುವ ಜೀವಕೋಶಗಳನ್ನು ಕೊಲ್ಲುತ್ತವೆಯೇ ಹೊರತು ರೋಗದ ಕೋಶ ಯಾವುದು, ದೇಹದ್ದು ಯಾವುದು ಎಂದು ಬೇರ್ಪಡಿಸಲಾರವು. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪೊರೆ, ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆ ಇವೆಲ್ಲ ಈ ಕಾರಣಕ್ಕೇ ಪೆಟ್ಟು ತಿನ್ನುತ್ತವೆ. ಎದ್ದು ಕಾಣುವುದು ಕೂದಲುದುರುವಿಕೆಯಾದರೂ ಜೀವಕ್ಕೆ ಎರವಾಗುವುದು ಮಜ್ಜೆಯ ಹಾನಿ: ಸೋಂಕನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಔಷಧಿ ಕೊಟ್ಟ ಮೇಲೆ ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ತೀರ ಕೆಳಗಿಳಿಯುತ್ತವೆ, ಆಗ ಬರುವ ಜ್ವರ ತುರ್ತು ಚಿಕಿತ್ಸೆಯನ್ನು ಬೇಡುತ್ತದೆ. ಔಷಧಿಯ ಪ್ರಮಾಣವನ್ನು ಎಷ್ಟೋ ಸಲ ನಿರ್ಧರಿಸುವುದು ಗೆಡ್ಡೆಯಲ್ಲ, ಮಜ್ಜೆಯ ತಾಳಿಕೆ.

1980ರ ದಶಕದಲ್ಲಿ ಅಮೆರಿಕದ ಕೆಲವು ವೈದ್ಯರು ಈ ಮಿತಿಯನ್ನೇ ಬದಿಗೊತ್ತಲು ಹೊರಟರು. ಸ್ತನ ಕ್ಯಾನ್ಸರ್ ಇದ್ದ ಮಹಿಳೆಯ ಮಜ್ಜೆಯನ್ನು ಮೊದಲೇ ತೆಗೆದು ಶೈತ್ಯದಲ್ಲಿಟ್ಟು, ವಾಡಿಕೆಗಿಂತ ಹಲವು ಪಟ್ಟು ಔಷಧಿ ಕೊಟ್ಟು, ಬಳಿಕ ಮಜ್ಜೆಯನ್ನು ಮರಳಿ ಸೇರಿಸುವ ಕ್ರಮ ಅದು. ಪ್ರಮಾಣ ಹೆಚ್ಚಿದಷ್ಟೂ ಹೆಚ್ಚು ಕೋಶಗಳು ಸಾಯುತ್ತವೆಂಬ ತರ್ಕ ಪ್ರಯೋಗಾಲಯದ ಮಟ್ಟಿಗೆ ನಿಜವೇ ಆಗಿತ್ತು. ಆದರೆ ಮಜ್ಜೆಯನ್ನು ಹೊರಗಿಟ್ಟು ಕಾಪಾಡಿದಂತೆ ಶ್ವಾಸಕೋಶವನ್ನಾಗಲಿ ಯಕೃತ್ತನ್ನಾಗಲಿ ಕಾಪಾಡಲು ಬರುವುದಿಲ್ಲ. ಕಾರ್ಮಸ್ಟಿನ್ ಎಂಬ ಔಷಧಿ ಶ್ವಾಸಕೋಶವನ್ನು ಗಾಸಿಗೊಳಿಸಿತು, ಯಕೃತ್ತಿನ ಕಿರುನಾಳಗಳು ಕಟ್ಟಿಕೊಂಡವು, ಬದುಕುಳಿದ ಕೆಲವರಲ್ಲಿ ಔಷಧಿಯಿಂದಲೇ ಹುಟ್ಟಿದ ರಕ್ತದ ಕ್ಯಾನ್ಸರ್ ವರ್ಷಗಳ ನಂತರ ಕಾಣಿಸಿತು.

ಇಷ್ಟು ಹಾನಿಯನ್ನು ಸಮರ್ಥಿಸಬೇಕಾಗಿದ್ದ ಲಾಭವನ್ನು ಮಾತ್ರ ಯಾರೂ ಸರಿಯಾಗಿ ಅಳೆದಿರಲಿಲ್ಲ. ಆರಂಭದ ವರದಿಗಳು ಆಶಾದಾಯಕವಾಗಿ ಕಂಡದ್ದಕ್ಕೆ, ಕಿರಿಯ ವಯಸ್ಸಿನ, ಗಟ್ಟಿಮುಟ್ಟಾದ ರೋಗಿಗಳನ್ನೇ ಆರಿಸಿಕೊಂಡದ್ದೂ ಕಾರಣ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ ಹೋಲಿಸುವ ಯಾದೃಚ್ಛಿಕ ಪರೀಕ್ಷೆಗಳಿಗೆ ಮಹಿಳೆಯರು ಸಿಗುವುದೇ ಕಷ್ಟವಾಯಿತು, ಏಕೆಂದರೆ ಅದೇ ಚಿಕಿತ್ಸೆ ಹೊರಗೆ ಹಣಕ್ಕೆ ದೊರೆಯುತ್ತಿತ್ತು. ಪ್ರಯೋಗಾತ್ಮಕವೆಂದು ಹೇಳಿ ವೆಚ್ಚ ಭರಿಸಲೊಪ್ಪದ ವಿಮಾ ಕಂಪನಿಯೊಂದಕ್ಕೆ 1993ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಸುಮಾರು 8.9 ಕೋಟಿ ಡಾಲರ್ ಪರಿಹಾರದ ಹೊರೆ ಹೊರಿಸಿತು. ಕಂಪನಿಯ ಉದ್ದೇಶ ಹಣ ಉಳಿಸುವುದೇ ಇದ್ದೀತು, ಆದರೂ ಅದರ ಮಾತು ಸುಳ್ಳಾಗಿರಲಿಲ್ಲ.

ದೋಷವಿರುವುದು ಚಿಕಿತ್ಸೆಯ ಕಠೋರತೆಯಲ್ಲಲ್ಲ. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ಮತ್ತು ಮರುಕಳಿಸಿದ ಕೆಲವು ಲಿಂಫೋಮಾಗಳಲ್ಲಿ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗಳಲ್ಲಿ) ಇದೇ ವಿಧಾನ ಪರೀಕ್ಷೆಗೆ ನಿಂತು ಇಂದಿಗೂ ಬಳಕೆಯಲ್ಲಿದೆ. ಸ್ತನ ಕ್ಯಾನ್ಸರಿನಲ್ಲಿ ವೈದ್ಯರು ಅಡ್ಡಪರಿಣಾಮವನ್ನು ದಾಟಬೇಕಾದ ತಡೆಯೆಂದು ಕಂಡರೇ ವಿನಾ ಲಾಭದೊಡನೆ ತೂಗಬೇಕಾದ ನಷ್ಟವೆಂದು ಕಾಣಲಿಲ್ಲ. 1999ರಲ್ಲಿ ಹೊರಬಂದ ಪರೀಕ್ಷೆಗಳ ಪೈಕಿ ಸ್ಪಷ್ಟ ಲಾಭ ತೋರಿಸಿದ್ದು ಜೊಹಾನ್ಸ್‌ಬರ್ಗ್‌ನ ವೈದ್ಯ ವರ್ನರ್ ಬೆಜ್‌ವೋಡಾ ಅವರದೊಂದೇ, ಅದೂ ಮುಂದಿನ ವರ್ಷದ ತಪಾಸಣೆಯಲ್ಲಿ ಮೋಸವೆಂದು ಬಯಲಾಯಿತು. ರೋಗ ಹರಡಿದವರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ಅಧಿಕ ಪ್ರಮಾಣದ ಗುಂಪಿನಲ್ಲಿ ಶೇ. 32, ವಾಡಿಕೆಯ ಗುಂಪಿನಲ್ಲಿ ಶೇ. 38; ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇದು ವ್ಯತ್ಯಾಸವೇ ಅಲ್ಲ, ಆದರೆ ಅಷ್ಟರಲ್ಲಿ ಹತ್ತಾರು ಸಾವಿರ ಮಹಿಳೆಯರು ಈ ಚಿಕಿತ್ಸೆಗೆ ಒಳಗಾಗಿದ್ದರು.